ಸಿಮೆಂಟಿನ ಮರ, ಮರದ ಆಟ

ನಮ್ಮ ಊರುಗಳ ಉದ್ಯಾನಗಳಲ್ಲಿ ಮರಕ್ಕೆ ವಿಚಿತ್ರವಾದ ಮರ್ಯಾದೆ ಸಿಗುತ್ತದೆ. ಬೇಲಿ ಸಿಮೆಂಟಿನದು, ಬೆಂಚು ಸಿಮೆಂಟಿನದು, ಕಾಲುಸೇತುವೆಯೂ ಸಿಮೆಂಟಿನದೇ. ಆದರೆ ಅವುಗಳ ಮೇಲೆಲ್ಲ ತೊಗಟೆಯ ಗೀರು, ಕಡಿದ ಕೊಂಬೆಯ ಗಂಟು, ಕಾಂಡದ ಉಂಗುರ ಮೂಡಿಸಿ ಕಂದು ಬಣ್ಣ ಬಳಿದಿರುತ್ತಾರೆ. ಮಕ್ಕಳ ಪಾಲಿಗೆ ಬರುವುದು ಕೆಂಪು-ಹಳದಿ ಫೈಬರ್ ಜಾರುಬಂಡೆ, ಕಬ್ಬಿಣದ ಉಯ್ಯಾಲೆ, ಏಪ್ರಿಲ್ ಮಧ್ಯಾಹ್ನ ಕಾದ ಹೆಂಚಾಗುವ ರಬ್ಬರ್ ಹಾಸು. ನಿಜವಾದ ಮರ ಸುತ್ತ ಕಟ್ಟೆ ಕಟ್ಟಿಸಿಕೊಂಡು ನಿಂತಿರುತ್ತದೆ. ಯಾರಾದರೂ ಹತ್ತಿದರೆ ಕಾವಲುಗಾರ ಸೀಟಿ ಊದುತ್ತಾನೆ. ಮರಕೋತಿ ಆಟಕ್ಕೆ ಒಂದು ಮರ, ಒಂದು ಕೋಲು ಸಾಕಾಗಿದ್ದ ನಾಡಿದು.

ಈಚೆಗೆ ರೆಸಾರ್ಟುಗಳಲ್ಲಿ, ದುಬಾರಿ ಶಾಲೆಗಳಲ್ಲಿ, ವಸತಿ ಸಮುಚ್ಚಯಗಳಲ್ಲಿ ದಿಮ್ಮಿ-ಹಗ್ಗಗಳ ‘ನೈಸರ್ಗಿಕ’ ಆಟದಂಗಳಗಳು ಬರುತ್ತಿವೆ. ಸಾರ್ವಜನಿಕ ಉದ್ಯಾನಗಳಿಗೂ ಅವು ಬರಲಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಬಹಳ ಕಡೆ ಆಗಿರುವುದು ಇಷ್ಟೇ: ಅದೇ ಏಣಿ, ಅದೇ ಅಟ್ಟ, ಅದೇ ಜಾರುಬಂಡೆ, ಕಬ್ಬಿಣದ ಕೊಳವೆ ಇದ್ದಲ್ಲಿ ದುಂಡಗೆ ಹೆರೆದ ಮರದ ಕಂಬ. ಮಗುವಿನ ಮೈಗಾಗಲಿ ಬುದ್ಧಿಗಾಗಲಿ ಇದರಿಂದ ಹೊಸದೇನೂ ದಕ್ಕುವುದಿಲ್ಲ. ತಂದೆತಾಯಿಯ ಕಣ್ಣು ತಂಪಾಗುತ್ತದೆ, ಅಷ್ಟೆ.

ಈ ಪದ್ಧತಿಯನ್ನು ತೂಗಿ ನೋಡಲು ಕೋಪನ್‌ಹೇಗನ್ನಿಗೆ ಹೋಗಬೇಕು. 1943ರಲ್ಲಿ, ಡೆನ್ಮಾರ್ಕ್ ಜರ್ಮನ್ನರ ವಶದಲ್ಲಿದ್ದಾಗ, ಆ ನಗರದ ಎಂಡ್ರುಪ್‌ನಲ್ಲಿ ಭೂದೃಶ್ಯ ವಿನ್ಯಾಸಕಾರ ಕಾರ್ಲ್ ಥಿಯೋಡರ್ ಸೋರೆನ್‌ಸೆನ್ ಅವರ ಕಲ್ಪನೆಯ ‘ಗುಜರಿ ಆಟದಂಗಳ’ ಶುರುವಾಯಿತು. ತಾವು ಅಂದವಾಗಿ ಕಟ್ಟಿಕೊಟ್ಟ ಆಟದ ಮೈದಾನಗಳಿಗಿಂತ ಹಳೆ ಹಲಗೆ, ಇಟ್ಟಿಗೆ, ಮೊಳೆ ಬಿದ್ದಿರುವ ಜಾಗವೇ ಮಕ್ಕಳಿಗೆ ಇಷ್ಟ ಎಂಬುದನ್ನು ಅವರು ಗಮನಿಸಿದ್ದರು. ಬ್ರಿಟನ್ನಿನ ಲೇಡಿ ಅಲೆನ್ 1946ರಲ್ಲಿ ಅದನ್ನು ನೋಡಿ ಬಂದ ಮೇಲೆ ಲಂಡನ್ನಿನ ಬಾಂಬು ಬಿದ್ದ ಖಾಲಿ ನಿವೇಶನಗಳಲ್ಲಿ ಅದೇ ಮಾದರಿ ಹಬ್ಬಿತು. ಎಂಡ್ರುಪ್‌ನಲ್ಲಿ ಮರದ ತುಂಡಿನಷ್ಟೇ ಮುಖ್ಯವಾಗಿದ್ದದ್ದು ಅಲ್ಲಿ ದಿನವೂ ಇರುತ್ತಿದ್ದ ಸಂಬಳದ ಮೇಲ್ವಿಚಾರಕ. ಮಾದರಿಯನ್ನು ನಕಲು ಮಾಡುವವರು ಹೆಚ್ಚಾಗಿ ಆ ಸಂಬಳವನ್ನೇ ಬಿಟ್ಟುಬಿಡುತ್ತಾರೆ.

ಅದೇ ನಗರದ ವಾಲ್ಬಿ ಉದ್ಯಾನದಲ್ಲಿ ಹೆಲೆ ನೆಬೆಲಾಂಗ್ ವಿನ್ಯಾಸಗೊಳಿಸಿದ ನಿಸರ್ಗ ಆಟದಂಗಳ ಈ ಸದ್ಯದ ಅಲೆಯ ಮುಖ್ಯ ಕೃತಿಗಳಲ್ಲೊಂದು. ಹಿಂದೆ ನಗರದ ಕಸ ಸುರಿಯುತ್ತಿದ್ದ ನೆಲ ಅದು. ಅಲ್ಲಿ ದೊಡ್ಡ ವೃತ್ತಾಕಾರದ ಮರದ ಹಾದಿ, ಹಾದಿಯುದ್ದಕ್ಕೂ ಒಂದರಂತೆ ಇನ್ನೊಂದಿಲ್ಲದ ಗೋಪುರಗಳು, ಸುತ್ತ ದಿಬ್ಬ, ಮರಳು, ಎತ್ತರದ ಹುಲ್ಲು. ಎಲ್ಮ್ ರೋಗಕ್ಕೆ ಬಲಿಯಾಗಿ ನಗರ ಕಡಿಯಬೇಕಾಗಿ ಬಂದ ಮರಗಳ ಕಾಂಡಗಳನ್ನು ಹಾಗೇ ಮಲಗಿಸಿದ್ದಾರೆ. ಈ ಕೃತಿಯಲ್ಲಿ ನಾನು ಮೆಚ್ಚುವುದು ಆ ಹಾದಿಯನ್ನು. ಗಾಲಿಕುರ್ಚಿಯಲ್ಲಿರುವ ಮಗುವೂ, ಮೊಮ್ಮಗುವಿನ ಕೈಹಿಡಿದ ಅಜ್ಜಿಯೂ ಅದರ ಮೇಲೆ ಸುತ್ತಬಹುದು. ತುಂಟರು ಅದರಿಂದ ಹುಲ್ಲಿಗೆ ಹಾರಬಹುದು. ಕಾಡಿನಂತಿರಬೇಕೆಂಬ ಹಟದಲ್ಲಿ ನಡೆಯಲಾರದವರನ್ನು ಹೊರಗಿಡುವ ಎಷ್ಟೋ ಆಟದಂಗಳಗಳಿಗೆ ಈ ಜಾಣ್ಮೆ ಹೊಳೆದಿಲ್ಲ.

ನೆಬೆಲಾಂಗ್ ಅವರ ಒಂದು ವಾದ ಪ್ರಸಿದ್ಧ. ಏಣಿಯ ಮೆಟ್ಟಿಲುಗಳ ಅಂತರವೆಲ್ಲ ಒಂದೇ ಆಗಿದ್ದರೆ ಮಗು ಕಾಲಿಡುವಲ್ಲಿ ಗಮನವಿಡುವುದಿಲ್ಲ. ಗಮನವಿಡದ ಅಭ್ಯಾಸವೇ ಅಪಾಯ ಎಂಬುದು ಅದರ ತಿರುಳು. ಒರಟು ಕಾಂಡದ ಮೇಲೆ ನಡೆಯುವ ಮಗುವನ್ನು ನೋಡಿದವರು ಇದನ್ನು ಒಪ್ಪುತ್ತಾರೆ. ಪಾದ ಮುಂದೆ ಹೋಗುವ ಮೊದಲು ಕಣ್ಣು ಹೋಗಿರುತ್ತದೆ. ಆದರೆ ಈ ವಾದವನ್ನು ಹಿಡಿದುಕೊಂಡು ಸುರಕ್ಷತಾ ಮಾನದಂಡವನ್ನೇ ಗೇಲಿ ಮಾಡುವವರ ಜೊತೆ ನಾನಿಲ್ಲ. ಯುರೋಪಿನ ಇಎನ್ 1176 ಮಾನದಂಡ ಬೀಳುವ ಎತ್ತರವನ್ನು 3 ಮೀಟರಿಗೆ ಮಿತಿಗೊಳಿಸುತ್ತದೆ. ಸರಿಸುಮಾರು 89 ಮಿ.ಮೀ.ನಿಂದ 230 ಮಿ.ಮೀ. ನಡುವಿನ ಸಂದುಗಳನ್ನು ಬಿಡುವುದಿಲ್ಲ. ಕಾರಣ ಸರಳ. ಅಂಥ ಸಂದಿನಲ್ಲಿ ಪುಟ್ಟ ಮಗುವಿನ ಮೈ ತೂರುತ್ತದೆ, ತಲೆ ತೂರುವುದಿಲ್ಲ. ಮಗು ಕುತ್ತಿಗೆಯಲ್ಲಿ ನೇತಾಡುತ್ತದೆ. ಸೊಟ್ಟ ದಿಮ್ಮಿಗಳನ್ನು ಜೋಡಿಸಿದಾಗ ಹುಟ್ಟುವುದು ಇಂಥ ಸಂದುಗಳೇ. ಹಸಿ ಮರ ಒಣಗಿ ಕುಗ್ಗಿದಂತೆ ಹೊಸ ಸಂದುಗಳೂ ತೆರೆದುಕೊಳ್ಳುತ್ತವೆ. ಕವಲೊಡೆದ ಕೊಂಬೆ ಫೋಟೋದಲ್ಲಿ ಚೆಂದ, ಅದೇ ಕವಲು ಕುತ್ತಿಗೆಗೆ ಉರುಳೂ ಆಗಬಹುದು. ಹಾಗಾಗಿ ಕಾಲಿಗೆ ಸಿಗುವ ಒರಟುತನ ಎಷ್ಟಾದರೂ ಇರಲಿ, ತಲೆ ಹೋಗುವಲ್ಲಿ ಅಳತೆಪಟ್ಟಿ ಇರಲೇಬೇಕು. ಒಳ್ಳೆಯ ವಿನ್ಯಾಸಕಾರರು ಎರಡನ್ನೂ ಮಾಡುತ್ತಾರೆ. ಕ್ಯಾಟಲಾಗ್ ವ್ಯಾಪಾರಿಗಳು ಎರಡನೆಯದನ್ನು ಮಾತ್ರ, ಹವ್ಯಾಸಿ ಉತ್ಸಾಹಿಗಳು ಮೊದಲನೆಯದನ್ನು ಮಾತ್ರ.

ಇನ್ನು ಮರದ ಜಾತಿ. ಯುರೋಪಿನ ಆಟದಂಗಳಗಳ ಅಚ್ಚುಮೆಚ್ಚು ರೊಬಿನಿಯಾ. ಉತ್ತರ ಅಮೆರಿಕದ ಪೂರ್ವಭಾಗದಿಂದ ಬಂದು ಹಂಗೆರಿಯಲ್ಲಿ ವಿಪರೀತ ಹಬ್ಬಿದ, ನಮ್ಮ ಹೊಂಗೆ-ಜಾಲಿಗಳ ಬಳಗದ ಮರ. ಅದರ ಚೇಗಿನಲ್ಲಿ ಶಿಲೀಂಧ್ರಕ್ಕೆ ಒಗ್ಗದ ರಾಸಾಯನಿಕಗಳು ಸಹಜವಾಗಿಯೇ ತುಂಬಿರುವುದರಿಂದ ಔಷಧಿ ಬಳಿಯದೆಯೂ ಬಹುಕಾಲ ಬಾಳುತ್ತದೆ. ಕಾಂಡ ಸೊಟ್ಟ, ಹಾಗಾಗಿ ಹಲಗೆಗೆ ಅಷ್ಟಕ್ಕಷ್ಟೆ. ಆಟಕ್ಕೆ ಆ ಸೊಟ್ಟತನವೇ ಬಂಡವಾಳ. ಆದರೆ ಇದನ್ನು ಹಡಗಿನಲ್ಲಿ ತರಿಸಿ ಬೆಂಗಳೂರಿನಲ್ಲಿ ನೆಟ್ಟು ‘ಪರಿಸರಸ್ನೇಹಿ’ ಎನ್ನುವುದು ನಗೆಪಾಟಲು. ಅಲ್ಲಿಯ ಬಾಳಿಕೆಯ ಲೆಕ್ಕ ಇಲ್ಲಿಗೆ ಹೊಂದುವುದೂ ಇಲ್ಲ: ಡೆನ್ಮಾರ್ಕಿನಲ್ಲಿ ಗೆದ್ದಲಿನ ಕಾಟವಿಲ್ಲ, ಆಗುಂಬೆಯ ಮಳೆಯೂ ಇಲ್ಲ.

ಮರ ಮೊದಲು ಸೋಲುವುದು ಕಂಬ ನೆಲ ಮುಟ್ಟುವ ಜಾಗದಲ್ಲಿ. ತೇವವೂ ಗಾಳಿಯೂ ಒಟ್ಟಿಗೆ ಸಿಗುವುದು ಅಲ್ಲೇ. ಮೇಲೆ ಗಟ್ಟಿಯಾಗಿ ಕಾಣುವ ಕಂಬ ಬುಡದಲ್ಲಿ ಟೊಳ್ಳಾಗಿರುತ್ತದೆ. ಇದಕ್ಕೆ ಹಿಂದೆ ಸಿಕ್ಕಿದ್ದ ದೊಡ್ಡ ಪರಿಹಾರ ಭಾರತದ್ದೇ: 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ ರೂಪಿಸಿದ ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಮಿಶ್ರಣ. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಹುಳುವನ್ನು, ಕ್ರೋಮಿಯಂ ಎರಡನ್ನೂ ಮರಕ್ಕೆ ಕಚ್ಚಿಸಿಡುತ್ತದೆ. ಲೋಕವೆಲ್ಲ ಅದನ್ನು ಬಳಸಿತು. ಆರ್ಸೆನಿಕ್ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆಂಬ ಆತಂಕದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಮತ್ತು ಆಟದ ಸಲಕರಣೆಗಳ ಮರಕ್ಕೆ ಅದರ ಬಳಕೆಯನ್ನು ಕೈಬಿಟ್ಟರು. ತಂತಿಕಂಬಕ್ಕೆ ಸಲ್ಲುವ ಔಷಧಿ ಮಗು ಹಿಡಿಯುವ ಕಂಬಕ್ಕೆ ಸಲ್ಲದು. ಹಸಿರು ಛಾಯೆಯ ಸಂಸ್ಕರಿತ ಕಂಬ ಕಂಡಾಗ, ಏನು ಹಾಕಿದ್ದೀರಿ ಎಂದು ಗುತ್ತಿಗೆದಾರನನ್ನು ಕೇಳುವ ಅಧಿಕಾರಿ ಬೇಕು.

ಔಷಧಿಯಿಲ್ಲದ ದಾರಿಯೂ ಇದೆ. ಕಂಬವನ್ನು ಮಣ್ಣಿಗಿಳಿಸದೆ, ಸತು ಲೇಪಿಸಿದ ಉಕ್ಕಿನ ಪಾದದ ಮೇಲೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ನಿಲ್ಲಿಸುವುದು. ಚೇಗು ಮಾತ್ರ ಬಳಸುವುದು. ತುದಿಯನ್ನು ನೀರು ನಿಲ್ಲದಂತೆ ಓರೆಯಾಗಿ ಕತ್ತರಿಸುವುದು. ನಮ್ಮ ಹಳೆಯ ತೊಟ್ಟಿಮನೆಗಳ ಕಂಬ ಕಲ್ಲಿನ ಪೀಠದ ಮೇಲೆ ನಿಂತಿರುವುದು ಇದೇ ತಿಳಿವಳಿಕೆಯಿಂದ. ಯಾವ ನಾಟಾ ಎಷ್ಟು ವರ್ಷ ತಡೆಯುತ್ತದೆ ಎಂಬುದಕ್ಕೂ ವಿದೇಶಿ ಕ್ಯಾಟಲಾಗ್ ಬೇಡ. ಮರದ ಗೂಟಗಳನ್ನು ಮಣ್ಣಿನಲ್ಲಿ ಹೂತು, ಗೆದ್ದಲಿಗೂ ಕೊಳೆತಕ್ಕೂ ಒಡ್ಡಿ ಪರೀಕ್ಷಿಸುವ ಸಂಶೋಧನಾ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ. ಉದ್ಯಾನದ ಟೆಂಡರ್ ಬರೆಯುವವರು ಅದರ ಬಾಗಿಲು ತಟ್ಟಲಿ.

ಆದರೂ ನನ್ನ ದೊಡ್ಡ ಅನುಮಾನ ಮರದ ಮೇಲಲ್ಲ, ಟೆಂಡರಿನ ಮೇಲೆ. ನಮ್ಮ ಪಾಲಿಕೆಗಳಿಗೆ ಉದ್ಘಾಟನೆಗೆ ದುಡ್ಡು ಸಿಗುತ್ತದೆ, ಬೋಲ್ಟ್ ಬಿಗಿಸುವುದಕ್ಕೆ ಸಿಗುವುದಿಲ್ಲ. ಕಬ್ಬಿಣದ ಉಯ್ಯಾಲೆ ಮುರಿದು ಸರಪಳಿ ನೇತಾಡುತ್ತ ವರ್ಷಗಟ್ಟಲೆ ನಿಲ್ಲುವುದನ್ನು ಯಾವ ಬಡಾವಣೆಯಲ್ಲಾದರೂ ನೋಡಬಹುದು. ಮರ ಇನ್ನಷ್ಟು ಆರೈಕೆ ಬೇಡುತ್ತದೆ: ಸಿಬಿರು ಹೆರೆಯಬೇಕು, ಬುಡ ಕುಟ್ಟಿ ನೋಡಬೇಕು, ಹಗ್ಗ ಬದಲಿಸಬೇಕು. ಕೆಳಗೆ ಹಾಸಿದ ಮರದ ಚಕ್ಕೆಗೆ ಕನಿಷ್ಠ ಒಂದಡಿ ಆಳವಿದ್ದರೇ ಅದು ಬಿದ್ದ ಮಗುವನ್ನು ಕಾಪಾಡುವುದು. ಒಂದೆರಡು ಮಳೆಗಾಲಕ್ಕೆ ಅದು ಕೊಳೆತು ಅರ್ಧಕ್ಕಿಳಿಯುತ್ತದೆ. ಮರಳು ಹಾಸಿದರೆ ಬೀದಿನಾಯಿಗಳು ಅದನ್ನು ತಮ್ಮದೆಂದುಕೊಳ್ಳುತ್ತವೆ. ಐದು ವರ್ಷದ ನಿರ್ವಹಣೆಯ ಹಣವನ್ನು ಮೊದಲೇ ಬೇರೆ ತೆಗೆದಿಡದ ಪಾಲಿಕೆ ಮರದ ಗೋಪುರ ಕಟ್ಟಿಸದಿರುವುದೇ ಮಕ್ಕಳಿಗೆ ಕ್ಷೇಮ.

ಅಂಥ ಕಡೆ ಗೋಪುರವನ್ನು ಬಿಟ್ಟು ವಾಲ್ಬಿಯ ಮಲಗಿದ ಕಾಂಡವನ್ನಷ್ಟೇ ಎರವಲು ಪಡೆಯಬಹುದು. ಬೆಂಗಳೂರಿನಲ್ಲಿ ಪ್ರತಿ ಮುಂಗಾರಿಗೂ ಗುಲ್‌ಮೊಹರ್, ಮಳೆಮರ ಉರುಳುತ್ತವೆ. ಅವನ್ನು ತುಂಡರಿಸಿ ಲಾರಿಗೆ ತುಂಬುತ್ತಾರೆ. ಲಾಲ್‌ಬಾಗಿನಲ್ಲಿ ಉರುಳಿದ ಮರಗಳಿಂದ ಶಿಲ್ಪ ಕೆತ್ತಿಸಿದ್ದಾರೆ. ಒಳ್ಳೆಯ ಕೆಲಸವೇ, ಆದರೆ ಅವು ನೋಡುವುದಕ್ಕೆ. ಬಿದ್ದ ಮಳೆಮರದ ಬುಡವನ್ನು ಕೊಂಬೆಯ ಚೂಪು ತೆಗೆದು, ತೊಗಟೆ ಸುಲಿದು, ಉರುಳದಂತೆ ಅರ್ಧಡಿ ನೆಲಕ್ಕಿಳಿಸಿ ಹುಲ್ಲಿನ ಮೇಲೆ ಮಲಗಿಸಿದರೆ ಮಗು ಹತ್ತುವ ಎತ್ತರ ಎರಡಡಿ, ಮೂರಡಿ. ಬಿದ್ದರೆ ಮೊಣಕಾಲು ತರಚೀತು. ಗುಲ್‌ಮೊಹರ್ ಮೆದು ಮರ, ಬೇಗ ಕುಂಬಾಗುತ್ತದೆ. ಆಗ ಅದನ್ನು ಗೊಬ್ಬರದ ಗುಂಡಿಗೆ ಸೇರಿಸಿ, ಆ ವರ್ಷದ ಗಾಳಿಮಳೆಗೆ ಬಿದ್ದ ಇನ್ನೊಂದನ್ನು ತಂದಿಟ್ಟರಾಯಿತು.