ಕ್ಲೋನ್‌ಜಿಲ್ಲಾ: ನಕಲು ಸುಲಭ, ಮರುಸ್ಥಾಪನೆ?

ಸಿಸ್ಟಂ ಡಿಸ್ಕಿನ ನಕಲು ತೆಗೆಯಲು ನೀವು ಕ್ಲೋನ್‌ಜಿಲ್ಲಾ ಬಳಸುತ್ತಿರಬಹುದು. ತೈವಾನಿನಲ್ಲಿ ರೂಪುಗೊಂಡ ಈ ಉಚಿತ ತಂತ್ರಾಂಶ ಬಳಕೆಯಾದ ಭಾಗಗಳನ್ನಷ್ಟೇ ನಕಲಿಸುತ್ತದೆ. ಕೆಲಸ ಬೇಗ ಮುಗಿಯುತ್ತದೆ. ತೊಡಕಿರುವುದು ಮರಳಿ ತುಂಬುವಾಗ.

ಬೀದರಿನ ಕೊಳಾರದಲ್ಲಿ ಗೆಳೆಯರೊಬ್ಬರ 500 ಗಿಗಾಬೈಟ್ ಹಾರ್ಡ್‌ಡಿಸ್ಕ್ ಕೆಟ್ಟಾಗ 240 ಗಿಗಾಬೈಟಿನದನ್ನು ತಂದೆವು. ಮಾಹಿತಿ ಇದ್ದದ್ದು 60 ಗಿಗಾಬೈಟ್ ಮಾತ್ರ. ಆದರೂ ತಂತ್ರಾಂಶ ಒಪ್ಪಲಿಲ್ಲ. ಏಕೆ? ಪ್ರತಿ ಖಂಡವೂ ಮೂಲ ಡಿಸ್ಕಿನಲ್ಲಿದ್ದ ಸಂಖ್ಯೆಯ ಜಾಗಕ್ಕೇ ಮರಳಬೇಕು. 400ನೇ ಗಿಗಾಬೈಟಿನ ಬಳಿ ಇದ್ದ ಖಂಡಕ್ಕೆ ಚಿಕ್ಕ ಡಿಸ್ಕಿನಲ್ಲಿ ನೆಲೆಯೇ ಇಲ್ಲ. ನಕಲು ತೆಗೆಯುವ ಮೊದಲೇ ವಿಭಾಗವನ್ನು ಕುಗ್ಗಿಸಿದ್ದರೆ ದಾರಿಯಿತ್ತು.

ನಕಲು ಸರಿಯಿದೆಯೇ ಎಂದು ಪರೀಕ್ಷಿಸುವ ಸೌಲಭ್ಯ ಇದರಲ್ಲಿದೆ, ನಿಜ. ಆ ಪರೀಕ್ಷೆಯಲ್ಲಿ ನಮ್ಮ ನಕಲು ತೇರ್ಗಡೆಯಾಗಿತ್ತು! ಮುಂದೆ ಬರುವ ಡಿಸ್ಕಿನ ಗಾತ್ರದ ಮಾತು ಅಲ್ಲಿ ಬರುವುದೇ ಇಲ್ಲ. ಕೊನೆಗೆ 500 ಗಿಗಾಬೈಟಿನದೇ ಕೊಂಡೆವು.