ಸಲಾಮಿಸ್‌ಗೆ ಹೋಗುವ ಮುನ್ನ

ಟೂರ್ ಕಂಪನಿಯ ಹಂಗಿಲ್ಲದೆ ಈ ಬೇಸಿಗೆಗೆ ಗ್ರೀಸ್‌ಗೆ ಹೊರಟಿರುವ ಗೆಳತಿಯೊಬ್ಬಳು ಬಾಗಲಗುಂಟೆಯ ನನ್ನ ಕೋಣೆಯಲ್ಲಿ ಕೂತು ತನ್ನ ಪಟ್ಟಿ ತೋರಿಸಿದಳು. ಅದರಲ್ಲಿ ಸಲಾಮಿಸ್ ಇತ್ತು. ಅಥೆನ್ಸ್ ಪಕ್ಕದ ಈ ದ್ವೀಪ ಕನ್ನಡಕ್ಕೆ ಹೊಸತಲ್ಲ.

ಸಲಾಮಿಸ್‌ನ ವೀರ ಅಜಾಕ್ಸ್‌ನ ದುರಂತವನ್ನು ಬಿ.ಎಂ.ಶ್ರೀ. 1929ರ ‘ಅಶ್ವತ್ಥಾಮನ್’ನಲ್ಲಿ ಮಹಾಭಾರತಕ್ಕೆ ಒಗ್ಗಿಸಿದರು, ದ್ವೀಪ ಅಳಿಸಿಹೋಯಿತು. 1935ರ ‘ಪಾರಸಿಕರು’ವಿನಲ್ಲಿ ಈಸ್ಕಿಲಸನ ಗ್ರೀಕರನ್ನೂ ಪರ್ಷಿಯನ್ನರನ್ನೂ ಹಾಗೆಯೇ ಉಳಿಸಿಕೊಂಡರು, ದ್ವೀಪ ಮರಳಿ ಬಂತು.

ಕ್ರಿ.ಪೂ. 480ರ ಸಲಾಮಿಸ್ ಕದನದಲ್ಲಿ ಗೆದ್ದವರು ಗ್ರೀಕರು. ನಾಟಕ ನಡೆಯುವುದು ಮಾತ್ರ ಸೋತವರ ಸೂಸಾ ನಗರದಲ್ಲಿ. ದ್ವೀಪ ರಂಗದ ಮೇಲೆ ಕಾಣುವುದೇ ಇಲ್ಲ. ಬದುಕಿ ಬಂದ ದೂತ ಅದನ್ನು ವರ್ಣಿಸುತ್ತಾನೆ. ಅವನ ಮಾತಿಗೆ ತೂಕ ಕೊಡುವವಳು ಮಗನಿಗಾಗಿ ಕಾದು ಕೂತ ರಾಜಮಾತೆ.

ನಮ್ಮ ಪ್ರವಾಸಕಥನಗಳು ಹಲವು ಸಲ ಸೊರಗುವುದು ಇಲ್ಲೇ. ನೋಡಿದ್ದರ ಲೆಕ್ಕ ಪಕ್ಕಾ ಇರುತ್ತದೆ. ಆ ದಂಡೆಯಲ್ಲಿ ಯಾರು ಏನು ಕಳೆದುಕೊಂಡರು ಎಂಬ ಪ್ರಶ್ನೆ ಬರುವುದಿಲ್ಲ. ಗೈಡ್ ಇಲ್ಲದೆ ಹೋಗುವವರಿಗಾದರೂ ಅದನ್ನು ಕೇಳುವ ಬಿಡುವಿದೆ.

ಗೆಳತಿಗೆ ‘ಪಾರಸಿಕರು’ ಕೊಟ್ಟಿದ್ದೇನೆ. ನನ್ನ ಫೆಲೋಶಿಪ್ ಹಣದಲ್ಲಿ ಅಲ್ಲಿಗೆ ಹೋಗುವುದಾಗದು. ಅವಳು ಮರಳಿದಾಗ ಕೇಳಲು ಕಾದಿರುತ್ತೇನೆ.