ಮೂರು ಅಟ್ಟಗಳು

ನಮ್ಮ ಕಡೆ ಅಟ್ಟ ಇಲ್ಲದ ಹಳೆಯ ಮನೆ ಸಿಗುವುದು ಕಷ್ಟ. ಅಡುಗೆಮನೆಯ ಹೊಗೆ ತಾಗುವಲ್ಲಿ ಹಲಗೆ ಹಾಸಿ, ಏಣಿ ಇಟ್ಟು, ಮೇಲೆ ಬಿತ್ತನೆಯ ಭತ್ತ, ಅಡಿಕೆ, ತೆಂಗಿನಕಾಯಿ, ವರ್ಷಕ್ಕೊಮ್ಮೆ ಇಳಿಸುವ ದೊಡ್ಡ ಪಾತ್ರೆಗಳನ್ನು ಇಡುತ್ತಿದ್ದರು. ಮನುಷ್ಯರು ಮಲಗುವ ಜಾಗ ಅದಲ್ಲ. ಹಾಗಿರುವಾಗ ಕಳೆದ ವರ್ಷ ನಾನು ಮುಂಬೈಗೆ ಹೋಗಿ ಒಂದು ಅಟ್ಟದಲ್ಲಿ ಎರಡು ರಾತ್ರಿ ಮಲಗಿ ಬಂದೆ. ಅಲ್ಲಿ ಅದಕ್ಕೆ ಲಾಫ್ಟ್ ಎಂದು ಹೆಸರು. ಮನೆಯ ಬೆಲೆ ಕೋಟಿಗಳಲ್ಲಿ. ಅದನ್ನು ಕೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆಯೂ ಬರಲಿಲ್ಲ.

ನಮ್ಮ ವಾಚನಾಲಯದ ಸಂಕಲನದಲ್ಲಿ ಪುಸ್ತಕದ ವಿಮರ್ಶೆ ಬರುತ್ತದೆ, ನಾಟಕದ್ದು ಬರುತ್ತದೆ, ತಾಳಮದ್ದಳೆಯ ಅರ್ಥಗಾರಿಕೆಯ ವಿಮರ್ಶೆಯೂ ಬಂದದ್ದುಂಟು. ಮನೆಯ ವಿಮರ್ಶೆ ಎಂತಕ್ಕೆ ಎಂದು ಕೇಳುವವರಿಗೆ ಒಂದೇ ಮಾತು: ಈ ವಾಚನಾಲಯದ ಕಟ್ಟಡಕ್ಕೂ ಆ ಮನೆಗೂ ಸಂಬಂಧ ಉಂಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮನೆ ನನ್ನ ತಂಗಿಯ ಮಗನದ್ದು. ಮಧ್ಯ ಮುಂಬೈಯಲ್ಲಿ ಹಿಂದೆ ಬಟ್ಟೆಮಿಲ್ಲು ಇದ್ದ ಜಾಗದಲ್ಲಿ ಕಟ್ಟಿದ ಎತ್ತರದ ಕಟ್ಟಡ. ಅಂಗಳದಲ್ಲಿ ಮಿಲ್ಲಿನ ಹಳೆಯ ಹೊಗೆ ಚಿಮಣಿಯನ್ನು ಉಳಿಸಿದ್ದಾರೆ, ರಾತ್ರಿ ಅದಕ್ಕೆ ಬಣ್ಣದ ದೀಪ. ಮನೆಯೊಳಗೆ ಎರಡು ಆಳಿಗಿಂತ ಎತ್ತರದ ಮಾಡು, ಒಂದು ಇಡೀ ಗೋಡೆಯಷ್ಟು ಗಾಜು, ಕಬ್ಬಿಣದ ಮೆಟ್ಟಿಲು. ಮೆಟ್ಟಿಲು ಹತ್ತಿದರೆ ಅರ್ಧ ಅಂತಸ್ತು, ಅಲ್ಲಿ ಮಂಚ. ಒಂದು ಗೋಡೆಗೆ ಗಾರೆ ಹಾಕದೆ ಇಟ್ಟಿಗೆಯನ್ನು ಹಾಗೆಯೇ ಬಿಟ್ಟಿದ್ದಾರೆ. ನೀರಿನ ಪೈಪು, ವಿದ್ಯುತ್ತಿನ ಕೊಳವೆ ಎಲ್ಲ ಹೊರಗೇ ಕಾಣುತ್ತವೆ. ನಮ್ಮೂರಲ್ಲಾದರೆ ಕೆಲಸ ಅರ್ಧಕ್ಕೆ ನಿಂತಿದೆ, ಮೇಸ್ತ್ರಿ ಕೈಕೊಟ್ಟಿದ್ದಾನೆ ಎಂದು ಹೇಳುತ್ತಿದ್ದರು. ‘ಮಾವ, ಇದು ಹಳೆ ಫ್ಯಾಕ್ಟರಿಯ ಸ್ಟೈಲು’ ಅಂದ ಹುಡುಗ.

ಈ ಶೈಲಿ ಹುಟ್ಟಿದ್ದು ಅಮೆರಿಕದ ನ್ಯೂಯಾರ್ಕಿನಲ್ಲಿ. ಅಲ್ಲಿ ಸೋಹೊ ಎಂಬ ಪ್ರದೇಶದಲ್ಲಿ 19ನೇ ಶತಮಾನದ ಕಟ್ಟಡಗಳು ಸಾಲಾಗಿವೆ. ಮುಖಭಾಗಕ್ಕೆ ಎರಕದ ಕಬ್ಬಿಣ, ಒಳಗೆ ಅಡ್ಡಗೋಡೆಯಿಲ್ಲದ ದೊಡ್ಡ ದೊಡ್ಡ ಹಜಾರ. ಬಟ್ಟೆ ಹೊಲಿಯುವ, ಸರಕು ತುಂಬುವ ಜಾಗ ಅವು. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಗಳು ಒಂದೊಂದಾಗಿ ಹೊರಟುಹೋದವು. ಖಾಲಿಯಾದಲ್ಲಿಗೆ ಬಡ ಚಿತ್ರಕಾರರು, ಶಿಲ್ಪಿಗಳು ಬಂದು ಸೇರಿದರು. ಬಾಡಿಗೆ ಕಡಿಮೆ, ಬೆಳಕು ಧಾರಾಳ, ದೊಡ್ಡ ಚಿತ್ರ ಬರೆಯಲು ಎತ್ತರದ ಗೋಡೆ. ಅಲ್ಲಿ ವಾಸ ಮಾಡುವುದು ಕಾನೂನಿಗೆ ವಿರುದ್ಧವಾಗಿತ್ತು. 1971ರಲ್ಲಿ ನಗರಾಡಳಿತ ಕಲಾವಿದರಿಗೆ ಒಪ್ಪಿಗೆ ಕೊಟ್ಟಿತು, 1973ರಲ್ಲಿ ಆ ಪ್ರದೇಶವನ್ನು ಚಾರಿತ್ರಿಕವೆಂದು ಘೋಷಿಸಿತು. ಆಮೇಲೆ ನಡೆದದ್ದನ್ನು ಊಹಿಸಬಹುದು. ಕಲಾವಿದರ ಬದುಕು ನೋಡಲು ಚಂದ ಎಂದು ಹಣವಂತರಿಗೆ ಅನಿಸಿತು, ಬಾಡಿಗೆ ಏರಿತು, ಬಡ ಕಲಾವಿದರು ಬೇರೆ ಕಡೆ ಹುಡುಕಬೇಕಾಯಿತು. ಮೊದಲು ಕೆಲಸಗಾರ, ಆಮೇಲೆ ಕಲಾವಿದ, ಕೊನೆಗೆ ಸಾಹುಕಾರ. ಆದರೆ ಒಂದು ಮಾತು ಒಪ್ಪಬೇಕು. ಅಲ್ಲಿ ಇಟ್ಟಿಗೆ ನಿಜವಾದದ್ದು, ಕಂಬ ನಿಜವಾದದ್ದು. ಒಡೆದು ಹಾಕುವ ಬದಲು ಬಳಸಿದರು. ಅದು ಒಳ್ಳೆಯದೇ.

ಮುಂಬೈಯ ಆ ಮನೆಯಲ್ಲಿ ನಾನು ಇಟ್ಟಿಗೆಯ ಗೋಡೆಗೆ ಬೆರಳಿನಿಂದ ತಟ್ಟಿ ನೋಡಿದೆ. ಮಾಸ್ತರಿಕೆಯ ಅಭ್ಯಾಸ, ಪರೀಕ್ಷೆ ಮಾಡದೆ ಆಗುವುದಿಲ್ಲ. ಅದು ಇಟ್ಟಿಗೆ ಅಲ್ಲ ಮಾರಾಯ್ರೆ, ಬಿಸ್ಕೆಟಿನಷ್ಟು ದಪ್ಪದ ತುಂಡುಗಳನ್ನು ಕಾಂಕ್ರೀಟಿನ ಮೇಲೆ ಅಂಟಿಸಿದ್ದು! ಹೊರಗೆ ಕಾಣುವ ಪೈಪುಗಳಲ್ಲಿಯೂ ಒಂದೆರಡರಲ್ಲಿ ಏನೂ ಹರಿಯುವುದಿಲ್ಲ, ಬರೀ ಚಂದಕ್ಕೆ. ನಿಜವಾದ ಮಿಲ್ಲನ್ನು ಕೆಡವಿ, ಮಿಲ್ಲಿನಂತೆ ಕಾಣುವ ಮನೆ ಕಟ್ಟಿದ್ದಾರೆ.

ವಾಸಕ್ಕೆ ಹೇಗೆ ಎಂದರೆ, ಬೆಳಿಗ್ಗೆಯ ಬೆಳಕು ಬಹಳ ಒಳ್ಳೆಯದು. ಕುಳಿತು ಓದಲು ಅಂಥ ಜಾಗ ನಮ್ಮಲ್ಲಿಲ್ಲ. ಆದರೆ ಬಿಸಿಗಾಳಿ ಮೇಲಕ್ಕೆ ಏರುತ್ತದೆ, ಮಂಚವೂ ಮೇಲೆಯೇ ಉಂಟು. ನಮ್ಮ ಹೆಂಚಿನ ಮಾಡಿನಲ್ಲಿ ಹೆಂಚು ಹೆಂಚಿನ ನಡುವಿನ ಸಂದಿಯಿಂದ ಬಿಸಿ ಹೊರಗೆ ಹೋಗುತ್ತದೆ. ಅಲ್ಲಿ ಕಾಂಕ್ರೀಟು, ಗಾಜು, ಎಲ್ಲ ಬಂದ್. ಇಡೀ ರಾತ್ರಿ ಏಸಿ ಹಾಕದೆ ಆಗುವುದಿಲ್ಲ. ಬಚ್ಚಲಿಗೆ ಬಿಟ್ಟರೆ ಬೇರೆ ಬಾಗಿಲಿಲ್ಲ. ನನ್ನ ತಂಗಿ ಮಗನ ಮನೆಗೆ ಹೋದರೆ ಸೀರೆ ಬದಲಿಸಲು ಬಚ್ಚಲಿಗೇ ಹೋಗಬೇಕು. ನೂರು ಹೊಲಿಗೆ ಯಂತ್ರ ಇಡಲು ಅಡ್ಡಗೋಡೆ ಇರಬಾರದು, ಸರಿ. ಸಂಸಾರಕ್ಕೆ ಅಡ್ಡಗೋಡೆ ಬೇಕು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕೆಳಗೆ ಲಿಫ್ಟಿನ ಎದುರು ಆಳೆತ್ತರದ ಒಂದು ಕಪ್ಪುಬಿಳುಪು ಚಿತ್ರ ಹಾಕಿದ್ದಾರೆ. ಮಗ್ಗದ ಮುಂದೆ ನಿಂತ ಕೆಲಸಗಾರರು, ಬನಿಯನ್ನು, ಬೆವರು. ಯಾರು, ಯಾವ ಮಿಲ್ಲು, ಯಾವ ವರ್ಷ, ಒಂದು ಅಕ್ಷರ ಬರೆದಿಲ್ಲ. ನಾನು ಅದರ ಮುಂದೆ ಸುಮಾರು ಹೊತ್ತು ನಿಂತೆ. ನನಗೆ ನನ್ನ ಅಪ್ಪನ ನೆನಪಾಯಿತು.

ಅಪ್ಪ ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಹೋದವರು. ನಮ್ಮ ಕಡೆಯ ಎಷ್ಟೋ ಮಕ್ಕಳು ಹಾಗೆಯೇ ಹೋದರು. ಲೋವರ್ ಪರೇಲಿನಲ್ಲಿ ಒಂದು ಮಿಲ್ಲಿನ ಗೇಟಿನ ಹತ್ತಿರದ ಸಣ್ಣ ಹೋಟೆಲು, ಗ್ಲಾಸು ತೊಳೆಯುವ ಕೆಲಸ. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ, ಮಲಗುವುದು ಹೋಟೆಲಿನ ಅಡುಗೆಕೋಣೆಯ ಮೇಲಿನ ಅಟ್ಟದಲ್ಲಿ. ಅಲ್ಲಿ ಅದಕ್ಕೆ ಮಾಳಾ ಎನ್ನುತ್ತಾರೆ. ‘ಕೂತರೆ ತಲೆ ತಾಗ್ತಿತ್ತು, ಮಲಗಿದರೆ ಪಕ್ಕದವನ ಕಾಲು ತಾಗ್ತಿತ್ತು’ ಎಂದು ಹೇಳುತ್ತಿದ್ದರು. ಮಿಲ್ಲಿನವರದ್ದೂ ಅದೇ ಪಾಡು. ಚಾಳಿನ ಒಂದು ಕೋಣೆಯಲ್ಲಿ ಹತ್ತು ಹದಿನೈದು ಜನ. ಹಗಲು ಪಾಳಿಯವ ಎದ್ದ ಚಾಪೆಯಲ್ಲಿ ರಾತ್ರಿ ಪಾಳಿಯವ ಮಲಗುವುದು. ಮಿಲ್ಲಿನ ಭೋಂಗಾ ಕೂಗಿದರೆ ಹೋಟೆಲಿನಲ್ಲಿ ಚಹಾ ಕುದಿಯಬೇಕು. ಹಾಗಿತ್ತು ಲೆಕ್ಕ.

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು, ಐವತ್ತಕ್ಕೂ ಹೆಚ್ಚು ಮಿಲ್ಲುಗಳು. ವರ್ಷ ದಾಟಿದರೂ ಇತ್ಯರ್ಥ ಆಗಲಿಲ್ಲ. ಎಷ್ಟೋ ಮಿಲ್ಲುಗಳು ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಗೇಟಿನ ಹತ್ತಿರದ ಹೋಟೆಲು ಯಾರಿಗೆ ಚಹಾ ಕೊಡಬೇಕು? ಅಪ್ಪ ಊರಿಗೆ ಬಂದರು. ಸಾಲ ಬರೆದ ಒಂದು ಪುಸ್ತಕ ತಂದಿದ್ದರು, ಮಿಲ್ಲಿನ ಗಿರಾಕಿಗಳು ಕೊಡಬೇಕಾದ ಹಣ. ಕೇಳಿದರೆ ‘ಅವರಿಗೇ ಇಲ್ಲ, ನನಗೆ ಎಲ್ಲಿಂದ ಕೊಡ್ತಾರೆ’ ಅನ್ನುವರು. ಆ ಪುಸ್ತಕ ಇವತ್ತಿಗೂ ನಮ್ಮ ಮನೆಯ ಅಟ್ಟದಲ್ಲಿ ಉಂಟು.

ಮಿಲ್ಲು ನಿಂತಿತು, ಜಾಗ ಉಳಿಯಿತು. ಮುಂಬೈಯ ನಡುವೆ ಅಂಥ ಜಾಗಕ್ಕೆ ಬಟ್ಟೆಗಿಂತ ಹೆಚ್ಚು ಬೆಲೆ. 1991ರ ನಿಯಮ ಹೇಳಿದ್ದು ಹೀಗೆ: ಮಿಲ್ಲಿನ ಜಾಗದಲ್ಲಿ ಹೊಸತು ಕಟ್ಟುವುದಾದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಊರಿನ ಮೈದಾನ, ಉದ್ಯಾನಕ್ಕೆ; ಒಂದು ಪಾಲು ಸಾಮಾನ್ಯರ ವಸತಿಗೆ; ಒಂದು ಪಾಲು ಮಾಲೀಕರಿಗೆ. 2001ರಲ್ಲಿ ಇದನ್ನು ತಿದ್ದಿ, ಕಟ್ಟಡ ಇಲ್ಲದ ಖಾಲಿ ಜಾಗವನ್ನು ಮಾತ್ರ ಪಾಲಿನ ಲೆಕ್ಕಕ್ಕೆ ಹಿಡಿಯಬೇಕು ಎಂದು ಮಾಡಿದರು. ಮಿಲ್ಲಿನ ಕಾಂಪೌಂಡಿನಲ್ಲಿ ಖಾಲಿ ಜಾಗ ಎಷ್ಟಿರುತ್ತದೆ? ಊರಿನ ಪಾಲು ಕರಗಿತು. ಮೊಕದ್ದಮೆ ನಡೆದು, 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಶ್ರೀನಿವಾಸ ಮಿಲ್ಲಿದ್ದಲ್ಲಿ ಇವತ್ತು ವರ್ಲ್ಡ್ ಒನ್ ಎಂಬ ಗಗನಚುಂಬಿ ಉಂಟು, ಫೀನಿಕ್ಸ್ ಮಿಲ್ಲಿದ್ದಲ್ಲಿ ದೊಡ್ಡ ಮಾಲು. ಜಾಹೀರಾತಿನಲ್ಲಿ ಲೋವರ್ ಪರೇಲಿಗೆ ‘ಅಪ್ಪರ್ ವರ್ಲಿ’ ಎಂದು ಹೆಸರು. ಲೋವರ್ ಎಂಬ ಶಬ್ದ ಇದ್ದರೆ ಮನೆ ಮಾರಾಟ ಆಗುವುದಿಲ್ಲವೋ ಏನೋ.

ನನ್ನ ಸೋದರಳಿಯ ಕೆಟ್ಟವನಲ್ಲ. ಸಾಲ ಮಾಡಿ ಮನೆ ತೆಗೆದುಕೊಂಡಿದ್ದಾನೆ, ತಿಂಗಳ ಸಂಬಳದ ಅರ್ಧ ಕಂತಿಗೆ ಹೋಗುತ್ತದೆ. ಎರಡನೇ ರಾತ್ರಿ ನಾನು ಅವನಿಗೆ ಅವನ ಅಜ್ಜನ ಅಟ್ಟದ ಕಥೆ ಹೇಳಿದೆ. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಅವರು ಮಲಗುತ್ತಿದ್ದರು ಅಂದಾಗ ಅವನು ಏನೂ ಹೇಳದೆ ಕುಳಿತ. ಆಮೇಲೆ ‘ನನಗೆ ಯಾರೂ ಹೇಳಲೇ ಇಲ್ಲ ಮಾವ’ ಅಂದ. ಅದು ನನಗೆ ತಾಗಿತು. ಚಿತ್ರಕ್ಕೆ ಹೆಸರು ಬರೆಯದವರನ್ನು ನಾನು ಬೈಯುತ್ತಿದ್ದೆ. ನಾನೂ ಮನೆಯ ಮಗನಿಗೆ ಅಜ್ಜನ ವಿಷಯ ಹೇಳಿರಲಿಲ್ಲ.

ಆ ಮನೆಯ ಬಗ್ಗೆ ನನ್ನ ತೀರ್ಮಾನ ಇದು: ಹಳೆಯ ಕಟ್ಟಡದಲ್ಲಿ ಹೊಸ ಬದುಕು ನಡೆಸುವುದು ತಪ್ಪಲ್ಲ, ಮೆಚ್ಚತಕ್ಕದ್ದು. ಆದರೆ ದುಡಿದವರನ್ನು ಕಳಿಸಿ, ಅವರ ಪಾಲಿನ ಜಾಗವನ್ನೂ ತೆಗೆದುಕೊಂಡು, ದುಡಿಮೆಯ ಗುರುತನ್ನು ಗೋಡೆಗೆ ಅಲಂಕಾರವಾಗಿ ಅಂಟಿಸುವುದು ಉಳಿಸುವುದಲ್ಲ.

ಈಗ ನಮ್ಮ ಊರಿಗೆ ಬರೋಣ, ಯಾಕೆಂದರೆ ನಾವೂ ಇದರಲ್ಲಿ ಕಮ್ಮಿಯಿಲ್ಲ. ಹೆಂಚಿನ ಮನೆ ಕೆಡವಿ ತಾರಸಿ ಹಾಕುವಾಗ ಹಲಸಿನ ಕಂಬ, ಕೆತ್ತನೆಯ ಬಾಗಿಲು, ಮುಚ್ಚಿಗೆಯ ಹಲಗೆ ಎಲ್ಲ ಲಾರಿ ಹತ್ತಿ ಹೋಗುತ್ತವೆ. ಎಲ್ಲಿಗೋ ಹೋಗಿ ರೆಸಾರ್ಟಿನ ಚಾವಡಿ ಆಗುತ್ತವೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಮಾಡುಗಳಿಗೆ ಬಂದ ಹೆಂಚು ಈಗ ನಗರದ ಕಾಫಿ ಅಂಗಡಿಗಳಿಗೆ ಶೋಕಿಗೆ ಹೋಗುತ್ತದೆ. ನಾವು ಮಾರುತ್ತೇವೆ, ಅವರು ಅಂಟಿಸುತ್ತಾರೆ.

ನಮ್ಮ ವಾಚನಾಲಯ ಇರುವುದು ಹಳೆಯ ಅಡಿಕೆ ಗೋದಾಮಿನಲ್ಲಿ. ಕೆಳಗೆ ಪತ್ರಿಕೆ, ಪುಸ್ತಕ. ಮೇಲೆ ಅಟ್ಟ. ಅಟ್ಟದಲ್ಲಿ ಹಳೆಯ ಮಾಸಪತ್ರಿಕೆಗಳ ಕಟ್ಟು, ನಾಟಕದ ಪರದೆ, ಗ್ಯಾಸ್‌ಲೈಟು, ಮತ್ತೆ 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹಿರಿಯರು ಕನ್ನಡ ಶಾಲೆಗಾಗಿ ಬರೆದ ಮನವಿಗಳ ಪ್ರತಿಗಳು. ಈಗ ಸಮಿತಿಯ ಮುಂದೆ ಎರಡು ಸಲಹೆ ಉಂಟು. ಒಂದು, ಕೆಡವಿ ಕಾಂಕ್ರೀಟು ಹಾಕಿ ಕೆಳಗೆ ಅಂಗಡಿ ಕೋಣೆ ಮಾಡುವುದು. ಇನ್ನೊಂದು, ಹೋಂಸ್ಟೇ ಮಾಡುವವರಿಗೆ ದೀರ್ಘ ಬಾಡಿಗೆಗೆ ಕೊಡುವುದು. ಅವರು ಕಟ್ಟಡವನ್ನು ಹಾಗೆಯೇ ಉಳಿಸುತ್ತಾರಂತೆ, ಅಟ್ಟವನ್ನು ಪಾಲಿಶು ಮಾಡಿ ಅತಿಥಿಗಳಿಗೆ ಕೊಡುತ್ತಾರಂತೆ, ನಮಗೆ ಹಿಂದೆ ಒಂದು ಕೋಣೆ. ಎರಡನೆಯದನ್ನು ಕೇಳಿ ಸಭೆಯಲ್ಲಿ ಮೊದಲು ತಲೆಯಾಡಿಸಿದವನು ನಾನೇ. ಮುಂಬೈಗೆ ಹೋಗಿ ಬಂದ ಮೇಲೆ ಮನಸ್ಸು ಬದಲಾಯಿತು.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯನ್ನು ನೋಡಿ. ಅವರ ಕವನ ಸಂಗ್ರಹದ ಹೆಸರನ್ನೇ ಇಟ್ಟು ‘ಗಿಳಿವಿಂಡು’ ಎಂದು ಸ್ಮಾರಕ ಮಾಡಿದ್ದಾರೆ. ಅದು ಯಾರ ಮನೆ ಎಂಬುದು ಬಾಗಿಲಲ್ಲೇ ಗೊತ್ತಾಗುತ್ತದೆ. ನಮ್ಮ ಗೋದಾಮು ಕವಿಯ ಮನೆಯಲ್ಲ, ಅಡಿಕೆ ಹೊತ್ತವರ ಜಾಗ. ಅವರ ಹೆಸರು ಯಾರಿಗೆ ಗೊತ್ತುಂಟು? ಊರಿನಲ್ಲಿ ಎಂಬತ್ತು ದಾಟಿದವರು ಇನ್ನೂ ಕೆಲವರಿದ್ದಾರೆ, ಅವರಿಗೆ ಗೊತ್ತುಂಟು. ಕೇಳಲು ಹೆಚ್ಚು ಸಮಯ ಇಲ್ಲ.

ಮಾಡಿನ ಪಕ್ಕಾಸು ಎರಡು ಕಡೆ ಗೆದ್ದಲು ಹಿಡಿದದ್ದು ನಿಜ, ಹಣ ಬೇಕಾದದ್ದೂ ನಿಜ. ಸಮಿತಿಯ ಮುಂದೆ ನನ್ನ ಮಾತು ಇಷ್ಟು: ಎದುರಿನ ಒಂದು ಕೋಣೆಯನ್ನು ಬಾಡಿಗೆಗೆ ಕೊಡೋಣ. ಆ ಹಣದಲ್ಲಿ ಮಾಡು ರಿಪೇರಿ ಮಾಡೋಣ. ಅಟ್ಟಕ್ಕೆ ಗಟ್ಟಿ ಮೆಟ್ಟಿಲು ಹಾಕಿ, ಎರಡು ಗಾಜಿನ ಹೆಂಚು ಇಟ್ಟು, ಮಕ್ಕಳು ಕುಳಿತು ಓದುವ ಜಾಗ ಮಾಡೋಣ. ಗೋಡೆಯಲ್ಲಿ ಅಡಿಕೆ ಹೊತ್ತವರ, ಮನವಿ ಬರೆದವರ ಹೆಸರು ಬರೆಸೋಣ. ಶಾಲೆಯ ಮಾಸ್ತರರು, ಟೀಚರುಗಳು ಐದಾರು ಮಕ್ಕಳನ್ನು ಹಿರಿಯರ ಮನೆಗೆ ಕಳುಹಿಸಿ ಹೆಸರು ಬರೆಸಿಕೊಂಡು ಬಂದರೆ ಕೆಲಸ ಈ ರಜೆಯಲ್ಲೇ ಮುಗಿಯುತ್ತದೆ. ನಾನು ಅಪ್ಪನ ಸಾಲದ ಪುಸ್ತಕವನ್ನು ತಂದು ಅಟ್ಟದಲ್ಲಿ ಇಡುತ್ತೇನೆ. ಅದರಲ್ಲಿ ಮಿಲ್ಲಿನವರ ಹೆಸರುಗಳುಂಟು, ಒಬ್ಬೊಬ್ಬರದ್ದೂ, ಅಪ್ಪನ ಕೈಬರಹದಲ್ಲಿ.